ತೋಟದ ಹಿರಿಯ ಕೆಲಸದವರ ಬಗ್ಗೆ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಬದಿಯಡ್ಕದ ಅಡಿಕೆ ತೋಟದ ಜವಾಬ್ದಾರಿ ನಿನ್ನ ಕೈಗೆ ಬಂದ ಮೇಲೆ ನೀನು ಕೇಳಿದ ಮೊದಲ ದೊಡ್ಡ ಪ್ರಶ್ನೆ ಇದು: 60 ದಾಟಿದವರನ್ನು ಇನ್ನೂ ಕೆಲಸಕ್ಕೆ ಕರೆಯಬಹುದೇ? ಕರೆಯಬೇಕು ಎಂದೇ ನನ್ನ ಉತ್ತರ. ಎತ್ತರ, ಭಾರ, ನಡುಹಗಲಿನ ಬಿಸಿಲು ಈ ಮೂರನ್ನು ಅವರ ಕೆಲಸದಿಂದ ತೆಗೆದುಬಿಡು. ಉಳಿದದ್ದು ಅವರ ಕೈಯಲ್ಲೇ ಇರಲಿ, ಸಂಬಳ ಇಳಿಸಬೇಡ.

ವಯಸ್ಸಿನ ಅಂಕೆಯನ್ನೇ ನಂಬಿ ಕೂರಬೇಡ. 2013ರ ಏಪ್ರಿಲ್‌ಗೆ ಮೊದಲು ಸೇರಿದ ಮಂಜೇಶ್ವರದ ಸರಕಾರಿ ಕನ್ನಡ ಶಾಲೆಯ ಮಾಸ್ಟ್ರಿಗೆ 56ಕ್ಕೆ ನಿವೃತ್ತಿ, ಅನಂತರ ಸೇರಿದವರಿಗೆ 60. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಅದೇ ಪಾಠ ಹೇಳುವವರಿಗೆ 60. ಗಡಿಯ ಈಚೆ ನಮ್ಮ ಕೇರಳದಲ್ಲಿ ಮನುಷ್ಯರು ನಾಲ್ಕು ವರ್ಷ ಮೊದಲೇ ಮುದುಕರಾಗುವುದಿಲ್ಲವಲ್ಲ. ಖಜಾನೆ, ಪಿಂಚಣಿ, ಖಾಲಿ ಹುದ್ದೆಗಳ ಲೆಕ್ಕದಿಂದ ಹುಟ್ಟಿದ ಅಂಕೆ ಅದು. ಆದರೂ ಸರಕಾರಿ ಕೆಲಸದಲ್ಲಿ ಹೊತ್ತಿಗೆ ಸರಿಯಾಗಿ ಎದ್ದು ಹೋಗುವುದೇ ನ್ಯಾಯ. ಅಲ್ಲಿ ಹುದ್ದೆಗಳು ಎಣಿಸಿಟ್ಟವು, ಒಬ್ಬರು ಉಳಿದರೆ ರ‍್ಯಾಂಕ್ ಲಿಸ್ಟಿನಲ್ಲಿ ಕಾಯುವ ಒಬ್ಬ ಹುಡುಗಿಗೆ ಬಾಗಿಲು ಮುಚ್ಚುತ್ತದೆ. ತೋಟದಲ್ಲಿ ಹಾಗಿಲ್ಲ. ನಮ್ಮ ಕಡೆಯ ಹುಡುಗರು ಮಂಗಳೂರಿಗೋ ಗಲ್ಫಿಗೋ ಹೋಗುತ್ತಾರೆ, ಅಡಿಕೆ ಸುಲಿಯುವ ಸರದಿಗೆ ಯಾರೂ ಕಾದು ನಿಂತಿಲ್ಲ.

ಮರ ಹತ್ತುವುದನ್ನು ಮಾತ್ರ ಇವತ್ತೇ ನಿಲ್ಲಿಸು. ಇದರಲ್ಲಿ ರಿಯಾಯಿತಿ ಬೇಡ. 50 ಅಡಿಯ ಅಡಿಕೆ ಮರದ ತುದಿಯಲ್ಲಿ ಕೈಯ ಹಿಡಿತ, ಕಾಲಿನ ಸಮತೋಲ, ದೂರ ಅಳೆಯುವ ಕಣ್ಣು ಮೂರೂ ಒಟ್ಟಿಗೆ ಬೇಕು. ವಯಸ್ಸಾದಂತೆ ಮೂರೂ ಸಡಿಲವಾಗುತ್ತವೆ. ಬಿ.ಪಿ. ಮಾತ್ರೆ ತಿನ್ನುವವರಿಗೆ ತಲೆ ತಿರುಗುವುದೂ ಉಂಟು. ಹಾಗಂತ ಮರ ಹತ್ತುತ್ತಿದ್ದವರ ಕೈಗೆ ಕಾರ್ಬನ್ ಫೈಬರ್ ದೋಟಿ (ಕೆಳಗೆ ನಿಂತೇ ಗೊನೆ ಕೊಯ್ಯುವ ಉದ್ದದ ಕೋಲು) ಕೊಟ್ಟರೆ ಆಯಿತು ಎಂದುಕೊಳ್ಳಬೇಡ. ದೋಟಿ ಹಿಡಿದವರು ಗಂಟೆಗಟ್ಟಲೆ ಕತ್ತು ಮೇಲಕ್ಕೆತ್ತಿ ನಿಲ್ಲಬೇಕು, ಭುಜದ ಮೇಲೆ ಭಾರವನ್ನು ಸಂಭಾಳಿಸಬೇಕು. ಕತ್ತಿನ ಸವೆತ ಇದ್ದವರಿಗೆ ಅದೇ ತಲೆಸುತ್ತು ತರುತ್ತದೆ. ಅದು ಎಳೆಯರ ಕೈಗೆ ಹೋಗಲಿ. ಯಾವ ಗೊನೆ ಈ ಕೊಯ್ಲಿಗೆ, ಯಾವುದು ಮುಂದಿನ ಕೊಯ್ಲಿಗೆ ಎಂದು ಕೆಳಗೆ ನಿಂತು ತೋರಿಸುವುದು ಹಿರಿಯರ ಕೆಲಸ. ಗೊನೆ ಬೀಳುವ ಜಾಗದಿಂದ ದೂರ ನಿಲ್ಲಲಿ, ಮುಟ್ಟಾಳೆಯ ಬದಲು ಹೆಲ್ಮೆಟ್ ಇರಲಿ.

ಮದ್ದು ಬಿಡುವ ಕೆಲಸವನ್ನು ಎರಡಾಗಿ ಒಡೆಯಬೇಕು. ಸಿಂಪಡಿಸುವುದು ಎಳೆಯರಿಗೆ, ಕಲಸುವುದು ಹಿರಿಯರಿಗೆ. ಕಲಸುವಲ್ಲಿ ತಪ್ಪಿದರೆ ಮಳೆಗಾಲದಲ್ಲಿ ಕೊಳೆರೋಗಕ್ಕೆ ತೋಟ ಸಿಕ್ಕಿಬೀಳುತ್ತದೆ, ಆದ್ದರಿಂದ ಇದು ಅನುಭವ ಇದ್ದವರ ಕೆಲಸವೇ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ 200 ಲೀಟರ್ ಆಗಲು 2 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟು) 100 ಲೀಟರ್ ನೀರಿನಲ್ಲಿ, 2 ಕಿಲೋ ಸುಣ್ಣ ಬೇರೆ 100 ಲೀಟರ್ ನೀರಿನಲ್ಲಿ. ಪಾತ್ರೆ ಪ್ಲಾಸ್ಟಿಕಿನದೇ ಆಗಬೇಕು. ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನ ಬಿಡುತ್ತಾ ಕಲಕಬೇಕು. ಮಿರುಗುವ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಪೊರೆ ಕೂತಿದ್ದರೆ ತಾಮ್ರ ಹೆಚ್ಚಾಗಿದೆ, ಎಳೆಕಾಯಿ ಸುಡುತ್ತದೆ, ಇನ್ನಷ್ಟು ಸುಣ್ಣ ಹಾಕಬೇಕು. ಕಲಸಿದ್ದು ಅದೇ ದಿನ ಮುಗಿಯಬೇಕು.

ಇಲ್ಲಿ ಹಿರಿಯರ ಬೆನ್ನು ಹಿಡಿಯುವುದು ಡ್ರಮ್ಮು ಎತ್ತಿ ಬಗ್ಗಿಸುವಾಗ. ತುತ್ತಿನ ಡ್ರಮ್ಮನ್ನು ಕಟ್ಟೆಯ ಮೇಲಿಟ್ಟು ಬುಡಕ್ಕೊಂದು ನಲ್ಲಿ ಕೂರಿಸು. ಕೆಳಗಿನ ಸುಣ್ಣದ ಡ್ರಮ್ಮಿಗೆ ನೀರು ತಾನೇ ಇಳಿಯುತ್ತದೆ, ಅವರು ಕೋಲು ಹಿಡಿದು ಕಲಕಿದರೆ ಸಾಕು. ಹರಳು ಸುಣ್ಣ ನೀರಿಗೆ ಬಿದ್ದಾಗ ಕುದಿದು ಹಾರುತ್ತದೆ, ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸು ಬೇಕೇ ಬೇಕು.

ಗೊಬ್ಬರ ಹೊರಿಸುವುದು ಬೇಡ. ಎಕರೆಗೆ ಸುಮಾರು 550 ಮರ, ಮರಕ್ಕೆ ವರ್ಷಕ್ಕೆ 12 ಕಿಲೋ ಹಟ್ಟಿಗೊಬ್ಬರ, ಅಷ್ಟೇ ತೂಕದ ಹಸಿರು ಸೊಪ್ಪು ಎಂಬುದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯ ಶಿಫಾರಸು. ಗೊಬ್ಬರವೊಂದೇ 6,600 ಕಿಲೋ ಆಯಿತು. 25 ಕಿಲೋದ ಬುಟ್ಟಿಯಲ್ಲಿ ತಲೆಹೊರೆ ಹೊತ್ತರೆ 264 ಸಲ. ಒಂದು ಕೈಗಾಡಿ ತೆಗೆದುಕೊಂಡು ಅದನ್ನೂ ಎಳೆಯರಿಗೇ ಕೊಡು.

ಅಂಗಳದ ಕೆಲಸ ಹಿರಿಯರಿಗೆ ಹೇಳಿ ಮಾಡಿಸಿದ್ದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ಲಿಯೂ ಹುಷಾರು ಬೇಕು. ಹಣ್ಣಡಿಕೆ ಒಣಗಲು 40ರಿಂದ 45 ದಿನದ ಬಿಸಿಲು ಬೇಕು, ನಡುನಡುವೆ ಮಗುಚಬೇಕು. ಮಗುಚುವುದು ಬೆಳಿಗ್ಗೆ 10ರ ಒಳಗೆ ಅಥವಾ ಸಂಜೆ 4ರ ಮೇಲೆ ಆಗಲಿ. ಪ್ಲಾಸ್ಟಿಕ್ ಮಾಡಿನ ಗೂಡಿನೊಳಗೆ ಅಂಗಳಕ್ಕಿಂತಲೂ ಬಿಸಿ, ಮಧ್ಯಾಹ್ನ ಅಲ್ಲಿಗೆ ಯಾರನ್ನೂ ಕಳಿಸಬೇಡ. ಬೇಸಗೆಯಲ್ಲಿ 12ರಿಂದ 3ರ ತನಕ ಬಿಸಿಲಲ್ಲಿ ದುಡಿಸಬಾರದೆಂದು ಕೇರಳದ ಕಾರ್ಮಿಕ ಇಲಾಖೆ ವರ್ಷವೂ ಆದೇಶ ಹೊರಡಿಸುತ್ತದೆ. 60 ದಾಟಿದವರಿಗೆ ನೀನು 11ಕ್ಕೇ ನಿಲ್ಲಿಸು. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ, ಕೇಳುವ ತನಕ ಕಾಯದೆ ಅರ್ಧ ಗಂಟೆಗೊಮ್ಮೆ ಒಂದು ಲೋಟ ನೀರು ಕೊಡು. ಹೃದಯದ, ಕಿಡ್ನಿಯ ತೊಂದರೆ ಇದ್ದವರು ಮಾತ್ರ ಡಾಕ್ಟರು ಹೇಳಿದ ಅಳತೆಯಲ್ಲಿ ಕುಡಿಯಲಿ. ಸಕ್ಕರೆ ಕಾಯಿಲೆಗೆ ಮಾತ್ರೆ ತಿಂದು ಗಂಜಿ ತಪ್ಪಿಸಿದವರಿಗೆ ಬೆವರು, ನಡುಕ ಬರಬಹುದು. 10 ಗಂಟೆಗೆ ತಿಂಡಿ ಕೊಡಲೇಬೇಕು, ಬೆಲ್ಲದ ಡಬ್ಬಿ ಕೈಗೆಟುಕುವಲ್ಲಿರಲಿ.

ಸುಲಿಯಲು ನೆಲದ ಮಣೆಯಲ್ಲಿ ಕೂರಿಸಬೇಡ, ಮೊಣಕಾಲು ಹಾಳಾಗುತ್ತದೆ. ಕತ್ತಿಯನ್ನು ಗಟ್ಟಿ ಬೆಂಚಿಗೆ ಕೂರಿಸಿ, ಬೆನ್ನಿರುವ ಕುರ್ಚಿ ಹಾಕು. 60ರ ಕಣ್ಣಿನೊಳಗೆ ತಲುಪುವ ಬೆಳಕು 20ರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರರಲ್ಲೊಂದು ಪಾಲು, ಆದ್ದರಿಂದ ಚಾವಡಿಯ ಒಂದೇ ಬಲ್ಬು ಸಾಲದು, ಕತ್ತಿಯ ನೇರಕ್ಕೆ ಬೇರೆ ದೀಪ ಬೇಕು. ಗೋಣಿ ಪೂರ್ತಿ ತುಂಬಿದರೆ 60 ಕಿಲೋ ದಾಟುತ್ತದೆ, ಅವರು ಸರಿಸುವ ಗೋಣಿಗೆ 15 ಕಿಲೋ ಸಾಕು. ಪಟೋರ, ಉಳ್ಳಿ, ಕರಿಗೋಟು ಎಂಬ ಕಡಿಮೆ ದರದ ಅಡಿಕೆಯನ್ನು ಬೇರ್ಪಡಿಸುವುದರಲ್ಲಿ ಅವರ ಕಣ್ಣಿಗೆ ಸಮ ಇಲ್ಲ. ಒಳ್ಳೆಯ ರಾಶಿಯಲ್ಲಿ ನಾಲ್ಕು ಕರಿಗೋಟು ಕಂಡರೆ ಕೊಳ್ಳುವವರು ಇಡೀ ಗೋಣಿಯ ದರ ಇಳಿಸುತ್ತಾರೆ. ಹೆಕ್ಕುವುದಕ್ಕೆ ಕಿಲೋ ಲೆಕ್ಕದ ಕೂಲಿ ಬೇಡ, ದಿನದ ಸಂಬಳ ಕೊಡು. ಕಿಲೋ ಲೆಕ್ಕವಾದರೆ ಅವರು ಅವಸರ ಮಾಡುತ್ತಾರೆ, ನೀನು ಅವರನ್ನು ಇಟ್ಟುಕೊಂಡ ಉದ್ದೇಶವೇ ಹೋಗುತ್ತದೆ. ಅರ್ಧ ದಿನಕ್ಕೆ ಬಂದರೆ ಪೂರ್ತಿ ದರದ ಸರಿ ಅರ್ಧ ಕೊಡು, ವಯಸ್ಸಿನ ಹೆಸರಲ್ಲಿ ಒಂದು ರೂಪಾಯಿಯೂ ಕಡಿತ ಬೇಡ.

ಯಾರಿಗೆ ಎಷ್ಟು ಕೆಲಸ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಕೈಯಿಲ್ಲದ, 17 ಇಂಚು ಎತ್ತರದ ಕುರ್ಚಿಯನ್ನು ಗೋಡೆಗೆ ತಾಗಿಸಿಡು. ಎರಡೂ ಕೈ ಎದೆಯ ಮೇಲೆ ಕತ್ತರಿಯಾಗಿ ಇಟ್ಟು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸು. 60ರಿಂದ 64ರ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಮಾಡಿದರೆ ಬೀಳುವ ಅಪಾಯ ಹೆಚ್ಚು. 65ರಿಂದ 69ಕ್ಕೆ ಗಂಡಸರಿಗೆ 12, ಹೆಂಗಸರಿಗೆ 11. ಕಡಿಮೆ ಬಂತೆಂದು ಮನೆಗೆ ಕಳಿಸುವುದಕ್ಕಲ್ಲ ಇದು. ಜಾರುವ ಕಣಿ (ನೀರಿನ ಕಾಲುವೆ), ಸಂಕ (ಕಾಲುಸೇತುವೆ), ಮೆಟ್ಟಿಲು ಇರುವ ಕಡೆಗೆ ಅವರನ್ನು ಹಾಕಬೇಡ, ಅಷ್ಟೇ. ಪರೀಕ್ಷೆಯನ್ನು ನಾಲ್ಕು ಜನರ ಎದುರು ಮಾಡಿಸಬೇಡ.

ಪಿಂಚಣಿಯ ಕಾಗದಗಳನ್ನೂ ನೀನೇ ನೋಡಿಕೊಡಬೇಕು. ಕೇರಳದ ಕ್ಷೇಮ ಪಿಂಚಣಿ 2025ರ ನವೆಂಬರ್‌ನಿಂದ ತಿಂಗಳಿಗೆ 2,000 ರೂಪಾಯಿ. ಅದರಲ್ಲಿ ಮದ್ದಿನ ಖರ್ಚು ಕಳೆದು ಸಂಸಾರ ಸಾಗುವುದಿಲ್ಲ, 'ಇನ್ನು ಆರಾಮ ಮಾಡಿ' ಎನ್ನುವವರು ಇದನ್ನು ಲೆಕ್ಕ ಹಾಕುವುದೇ ಇಲ್ಲ. ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಮಸ್ಟರಿಂಗ್, ಅಂದರೆ ಬದುಕಿದ್ದೇವೆಂದು ದೃಢಪಡಿಸುವುದು, ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. ಸುಲಿದು ಸುಲಿದು ಬೆರಳಿನ ಗೆರೆ ಸವೆದವರಿಗೆ ಬೆರಳಚ್ಚು ಹಿಡಿಯದೆ ಹೋಗಬಹುದು, ಕಣ್ಣಿನ ಸ್ಕ್ಯಾನರ್ ಇದೆಯೇ ಎಂದು ಮೊದಲೇ ಕೇಳಿ ಕರೆದುಕೊಂಡು ಹೋಗು. ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ವಿಮೆ ಮಾಡಿಸು. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಅದು 70ಕ್ಕೆ ಮುಗಿಯುತ್ತದೆ.

ಒಂದು ದಿನ ನಿಲ್ಲಿಸಲೇಬೇಕಾಗುತ್ತದೆ. ಒಂದೇ ತಿಂಗಳಲ್ಲಿ ಎರಡು ಮೂರು ಸಲ ಕೈ ಕೊಯ್ದುಕೊಂಡರೆ, ಪಟೋರ ಒಳ್ಳೆಯ ರಾಶಿಗೆ ಬೀಳತೊಡಗಿದರೆ, ಪಂಪು ಹಾಕಿದ್ದು ಮರೆತುಹೋದರೆ ಆ ದಿನ ಹತ್ತಿರ ಬಂದಿದೆ. ಬರಿಗೈಯಲ್ಲಿ ಕಳಿಸಬೇಡ. ನಮ್ಮಷ್ಟು ಸಣ್ಣ ತೋಟಕ್ಕೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡಿಗಂಟು) ಕಾನೂನು ಅನ್ವಯಿಸುವುದಿಲ್ಲ. ಆದರೂ ಅದರ ಅಳತೆ ಹಿಡಿ: ದುಡಿದ ವರ್ಷಕ್ಕೆ 15 ದಿನದ ಸಂಬಳ. ದಿನಕ್ಕೆ 700 ರೂಪಾಯಿ ಸಂಬಳದಲ್ಲಿ 20 ವರ್ಷ ದುಡಿದವರಿಗೆ 2,10,000 ಆಗುತ್ತದೆ. ತಿಂಗಳಿಗೆ 3,500ರಂತೆ ಬೇರೆ ಖಾತೆಗೆ ಹಾಕುತ್ತಾ ಬಂದರೆ ಐದು ವರ್ಷಕ್ಕೆ ಕೂಡುತ್ತದೆ. ಅಡಿಕೆ ಮಾರಿದ ದುಡ್ಡು ಕೈಯಲ್ಲಿರುವಾಗಲೇ ಈ ಖಾತೆ ತೆರೆ.

ಮಾತುಕತೆ ಮೇ ಮೊದಲ ವಾರದಲ್ಲೇ ಆಗಲಿ, ಒಬ್ಬೊಬ್ಬರನ್ನೇ ಚಾವಡಿಯಲ್ಲಿ ಕೂರಿಸಿ. ಮೊದಲ ಮದ್ದು ಮಳೆಗೆ ಮುಂಚೆ ಆಗಬೇಕು, ಎರಡನೆಯದು 40–45 ದಿನ ಕಳೆದು. ಕಲಸುವುದು ಯಾರು, ದೋಟಿ ಹಿಡಿಯುವುದು ಯಾರು ಎಂಬುದು ಅಷ್ಟರೊಳಗೆ ತೀರ್ಮಾನವಾಗಿರಬೇಕು. ಈ ವರ್ಷ ಹೊಸ ಹುಡುಗನೊಬ್ಬನನ್ನು ಎರಡೂ ಸಲ ಹಿರಿಯರ ಜತೆ ಡ್ರಮ್ಮಿನ ಹತ್ತಿರ ನಿಲ್ಲಿಸು, ಕತ್ತಿ ಅದ್ದಿ ನೋಡುವುದನ್ನು ಅವನಿಗೆ ಅವರೇ ಕಲಿಸಲಿ. ಆ ಕಲಿಸುವ ದಿನಗಳಿಗೂ ಪೂರ್ತಿ ಸಂಬಳ ಬರೆ.

ನಿನ್ನ
ಅಮ್ಮ