ಯೆಮೆನ್‌: ಸೌರಫಲಕ ಬಾಳುತ್ತದೆ, ಬ್ಯಾಟರಿ ಬಾಳುವುದಿಲ್ಲ

ಮಾನ್ಯ ಸಂಪಾದಕರೇ,

2015ರಲ್ಲಿ ಯುದ್ಧ ತೀವ್ರಗೊಂಡು ವಿದ್ಯುತ್ ಜಾಲ ಕುಸಿದಾಗ ಯೆಮೆನ್‌ನ ಜನ ತಾವೇ ಸೌರಫಲಕ ಕೊಂಡು ಮಾಳಿಗೆಗೆ ಏರಿಸಿದರು. ಇದನ್ನು ಹೊಗಳುವವರು ಬ್ಯಾಟರಿಯ ಮಾತೆತ್ತುವುದೇ ಇಲ್ಲ.

12 ವೋಲ್ಟ್, 100 ಆಂಪಿಯರ್-ಅವರ್‌ನ ಸೀಸ-ಆಮ್ಲ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,200 ವಾಟ್-ಅವರ್ (ವಾಟನ್ನು ತಾಸಿನಿಂದ ಗುಣಿಸಿದ ವಿದ್ಯುತ್ ಲೆಕ್ಕ) ಇದ್ದರೂ ಬಳಸಬೇಕಾದ್ದು ಅರ್ಧ ಮಾತ್ರ. 150 ವಾಟ್ ಫಲಕ 5 ತಾಸಿನ ಒಳ್ಳೆಯ ಬಿಸಿಲಿನಲ್ಲಿ, ನಷ್ಟ ಕಳೆದು, ಸುಮಾರು 550 ವಾಟ್-ಅವರ್ ತುಂಬೀತು. 7 ವಾಟ್‌ನ 4 ಎಲ್‌ಇಡಿ ಬಲ್ಬು 5 ತಾಸಿಗೆ 140, 20 ವಾಟ್‌ನ ಡಿಸಿ ಫ್ಯಾನು 10 ತಾಸಿಗೆ 200, ಜೊತೆಗೆ ಮೊಬೈಲು, ಚಿಕ್ಕ ಟಿವಿ. ಅಲ್ಲಿಗೆ ಮುಗಿಯಿತು. ಅಗ್ಗವೆಂದು ಕಾರಿನ ಬ್ಯಾಟರಿ ಹಾಕಿ, ಬ್ಯಾಟರಿ ಅತಿಯಾಗಿ ತುಂಬದಂತೆ, ಪೂರ್ತಿ ಬರಿದಾಗದಂತೆ ಕಾಯುವ ಚಾರ್ಜ್ ಕಂಟ್ರೋಲರ್ ಬಿಟ್ಟು ನೇರ ತಂತಿ ಎಳೆದರೆ ಅದು ರಾತ್ರಿಯಿಡೀ ತಳಮಟ್ಟ ಖಾಲಿಯಾಗುತ್ತದೆ. ಒಳತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೆಲವೇ ತಿಂಗಳಲ್ಲಿ ಕೈಕೊಡುತ್ತದೆ. ಸಾಲದ್ದಕ್ಕೆ ದೂಳು ಒರೆಸದ ಫಲಕ ಕೊಡುವ ವಿದ್ಯುತ್ತೂ ಕಡಿಮೆ.

ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕಾದ ಆಸ್ಪತ್ರೆಗೆ ಬ್ಯಾಟರಿಯಿಲ್ಲದೆ ಫಲಕದಿಂದಲೇ ನಡೆದು, ಹಗಲು ಕಟ್ಟಿದ ಮಂಜುಗಡ್ಡೆಯಿಂದ ರಾತ್ರಿ ತಂಪು ಕಾಯುವ ಫ್ರಿಜ್ಜೇ ಸರಿ.

ಇನ್ನು ಸೌರಪಂಪು. ಡೀಸೆಲ್ ಖರ್ಚಿಲ್ಲ ಎಂದಮೇಲೆ ಬಿಸಿಲಿರುವಷ್ಟು ಹೊತ್ತೂ ಓಡುತ್ತದೆ. ಮೊದಲೇ ಪಾತಾಳ ಸೇರಿದ್ದ ರಾಜಧಾನಿ ಸನಾದ ಕಣಿವೆಯ ಅಂತರ್ಜಲ ಇನ್ನೂ ಇಳಿಯುತ್ತಿದೆ. ಕೋಲಾರದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

— ಸೌರ ತಂತ್ರಜ್ಞರ ಬಳಗ