ನೂಡಲ್ಸ್ ಅಗ್ಗ ಇದ್ರೆ ಅದರಲ್ಲಿ ಮೋಸ ಇರಲೇಬೇಕಾ?

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಹೊರಗಡೆ ಊಟದ ಬಗ್ಗೆ ಬಂದಿದ್ದ ಲೇಖನ ಓದ್ದೆ. ಎಲ್ಲಾ ಸರಿ, ಆದ್ರೆ ಕಡಿಮೆ ರೇಟಿಗೆ ನೂಡಲ್ಸ್ ಕೊಡೋ ಚಿಕ್ಕ ಹೋಟೆಲ್‌ಗಳಲ್ಲಿ ರುಚಿ ಬರೋದೇ ಟೇಸ್ಟಿಂಗ್ ಪೌಡರಿಂದ (ಅಂದ್ರೆ ಎಂಎಸ್‌ಜಿ, ಮೋನೋಸೋಡಿಯಂ ಗ್ಲುಟಮೇಟ್ ಅನ್ನೋ ರುಚಿ ಹೆಚ್ಚಿಸೋ ಪುಡಿ), ಹುಷಾರಾಗಿರಿ ಅಂತ ಒಂದು ಸಾಲು ಇತ್ತಲ್ಲ, ಅದು ಎರಡು ದಿನದಿಂದ ತಲೆ ತಿಂತಾ ಇದೆ, ಅದಕ್ಕೇ ಈ ಪತ್ರ.

ನಾನು ವಾರಕ್ಕೆ ಒಂದೆರಡು ಸಲ ಮನೆ ಹತ್ರದ ಇಂಥದ್ದೇ ಒಂದು ಪುಟ್ಟ ಜಾಗಕ್ಕೆ ಹೋಗೋನು. ಎಂಟು ಟೇಬಲ್ಲು, ಗೋಡೆ ಮೇಲೆ ಒಂದು ಬೋರ್ಡು, ಅದ್ರಲ್ಲಿ ಆರೇಳು ಐಟಂ. ಅಗ್ಗ ಯಾಕೆ ಅಂತ ಅಡುಗೆಮನೆ ಕಾಣೋ ಕಡೆ ಕೂತು ನೋಡಿದ್ರೆ ತಾನಾಗೇ ಗೊತ್ತಾಗುತ್ತೆ. ಒಂದು ದೊಡ್ಡ ಪಾತ್ರೆ ಬೆಳಗ್ಗೆ ಒಲೆ ಹತ್ತಿದ್ರೆ ಇಳಿಯೋದು ಅಂಗಡಿ ಮುಚ್ಚೋ ಹೊತ್ತಿಗೆ, ಅದರೊಳಗೆ ಮೂಳೆ, ಶುಂಠಿ, ಈರುಳ್ಳಿ, ಅಂದ್ರೆ ದುಬಾರಿ ಸಾಮಾನು ಏನೂ ಇಲ್ಲ, ಖರ್ಚಾಗೋದು ಟೈಮು ಮಾತ್ರ. ಅದೊಂದೇ ಸೂಪ್ ಎಲ್ಲಾ ಬೌಲಿಗೂ ಹೋಗುತ್ತೆ, ಮೇಲೆ ಹಾಕೋದಷ್ಟೇ ಬೇರೆ ಬೇರೆ. ನೂಡಲ್ಸನ್ನ ಜಾಲರಿ ಬುಟ್ಟಿಗೆ ಹಾಕಿ ಕುದಿಯೋ ನೀರಲ್ಲಿ ಮುಳುಗಿಸಿ ಎತ್ತೋದು ಒಂದೆರಡು ನಿಮಿಷದ ಕೆಲಸ. ತಿನ್ನೋರೂ ಹರಟೆ ಹೊಡ್ಕೊಂಡು ಕೂರಂಗಿಲ್ಲ, ಬಿಟ್ರೆ ನೂಡಲ್ಸ್ ಸೂಪ್ ಕುಡಿದು ಉಬ್ಬಿ ಮುದ್ದೆ ಆಗೋಗುತ್ತೆ. ಹಾಗಾಗಿ ಟೇಬಲ್ಲು ಕಾಲು ಗಂಟೆಗೆಲ್ಲಾ ಖಾಲಿ, ಮುಂದಿನೋರು ಕೂತಾಯ್ತು. ಇಷ್ಟೇ ಸಾರ್ ಅಗ್ಗದ ಗುಟ್ಟು. (ಪಾರ್ಸೆಲ್ ತರಿಸಿ ಅರ್ಧ ಗಂಟೆ ಆದ್ಮೇಲೆ ತಿಂದು ಚೆನ್ನಾಗಿಲ್ಲ ಅಂತ ಒಂದು ಸ್ಟಾರ್ ಕೊಡೋರನ್ನ ಕಂಡ್ರೆ ನಂಗೆ ಸಿಟ್ಟು ಬರುತ್ತೆ, ಅದು ಬೇರೆ ವಿಷಯ ಬಿಡಿ.)

ಕಡಿಮೆ ದುಡ್ಡಿನ ಊಟ ಅಂದ ಮಾತ್ರಕ್ಕೆ ಕಸುಬು ಕಡಿಮೆ ಅಂತನೂ ಅಲ್ಲ. ಚೀನಾದ ಲಾನ್‌ಜೌ ಬೀಫ್ ನೂಡಲ್ಸ್ ದಿನಾ ಬೆಳಗ್ಗೆ ಸಾಮಾನ್ಯ ಜನ ತಿನ್ನೋದು, ಆದ್ರೆ ಅದಕ್ಕೊಂದು ಲೆಕ್ಕ ಇದೆ: ಸೂಪ್ ತಿಳಿಯಾಗಿರಬೇಕು, ಮೂಲಂಗಿ ಬೆಳ್ಳಗೆ, ಖಾರದೆಣ್ಣೆ ಕೆಂಪಗೆ, ಸೊಪ್ಪು ಹಸಿರಾಗಿ, ಕೈಯಲ್ಲೇ ಎಳೆದ ನೂಡಲ್ಸ್ ಹಳದಿಯಾಗಿ. ವಿಯೆಟ್ನಾಂನ ಫೋ ಅನ್ನೋ ನೂಡಲ್ಸ್ ಸೂಪಿಗೆ ಶುಂಠಿ ಈರುಳ್ಳಿನ ಮೊದಲು ಬೆಂಕಿಯಲ್ಲಿ ಸುಟ್ಟು ಆಮೇಲೆ ಚಕ್ಕೆ, ಸ್ಟಾರ್ ಹೂವಿನ ಜೊತೆ ಮೂಳೆ ಸೂಪಿಗೆ ಬಿಡ್ತಾರೆ. ಜಪಾನಿನ ರಾಮೆನ್ ನೂಡಲ್ಸ್ ಹಳದಿ ಇರೋದು ನೋಡಿ ಕಲರ್ ಹಾಕಿದಾರೆ ಅನ್ನೋರನ್ನೂ ನೋಡಿದೀನಿ, ಹಿಟ್ಟಿಗೆ ಕಾನ್ಸುಯಿ ಅನ್ನೋ ಕ್ಷಾರದ ನೀರು ಬೆರೆಸ್ತಾರೆ, ಅದಕ್ಕೇ ಮೈದಾ ಹಳದಿಗೆ ತಿರುಗುತ್ತೆ, ನೂಡಲ್ಸಿನ ಎಳೆ ಹಲ್ಲಿಗೆ ಸಿಕ್ಕಿದ್ರೆ ಸ್ಪ್ರಿಂಗ್ ಥರ ಎಗರುತ್ತೆ.

ಈಗ ಟೇಸ್ಟಿಂಗ್ ಪೌಡರ್ ವಿಷಯಕ್ಕೆ ಬರ್ತೀನಿ. ತಮಾಷೆ ಏನು ಗೊತ್ತಾ, ಈ ಹೆದರಿಕೆ ಶುರುವಾಗಿದ್ದೇ ಸಂಪಾದಕರಿಗೆ ಬರೆದ ಒಂದು ಪತ್ರದಿಂದ! 1968ರಲ್ಲಿ ರಾಬರ್ಟ್ ಹೋ ಮನ್ ಕ್ವಾಕ್ ಅನ್ನೋ ಅಮೆರಿಕದಲ್ಲಿದ್ದ ಡಾಕ್ಟರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ಗೆ ಬರೆದ್ರು, ಚೈನೀಸ್ ಹೋಟೆಲಲ್ಲಿ ಊಟ ಮಾಡಿದ್ಮೇಲೆ ಕತ್ತಿನ ಹಿಂದೆ ಜೋಮು ಹಿಡಿಯುತ್ತೆ, ಎದೆ ಡವಡವ ಅನ್ನುತ್ತೆ, ಕಾರಣ ಅಡುಗೆಗೆ ಹಾಕೋ ವೈನ್ ಇರಬಹುದು, ಉಪ್ಪು ಇರಬಹುದು, ಎಂಎಸ್‌ಜಿ ಇರಬಹುದು ಅಂತ. ಅವರು ಕೇಳಿದ್ದು ಪ್ರಶ್ನೆ. ಪತ್ರಿಕೆಯವರು ಅದಕ್ಕೆ 'ಚೈನೀಸ್ ರೆಸ್ಟೋರೆಂಟ್ ಸಿಂಡ್ರೋಮ್' ಅಂತ ಹೆಡ್ಡಿಂಗ್ ಕೊಟ್ರು, ಜನ ಹೆಡ್ಡಿಂಗ್ ನೆನಪಿಟ್ಕೊಂಡ್ರು, ಪ್ರಶ್ನೆ ಮರೆತ್ರು. ಆಮೇಲೆ ತಮಗೆ ಎಂಎಸ್‌ಜಿ ಒಗ್ಗಲ್ಲ ಅಂತ ಹೇಳ್ಕೊಂಡ 130 ಜನಕ್ಕೆ, ಯಾವ ಲೋಟದಲ್ಲಿ ಏನಿದೆ ಅಂತ ಕೊಡೋರಿಗೂ ಕುಡಿಯೋರಿಗೂ ಗೊತ್ತಿಲ್ದಂಗೆ ಟೆಸ್ಟ್ ಮಾಡಿದಾರೆ, 2000ದಲ್ಲಿ ರಿಪೋರ್ಟ್ ಬಂತು. ಊಟ ಇಲ್ದೆ ದೊಡ್ಡ ಡೋಸ್ ಕೊಟ್ಟಾಗ ಕೆಲವರಿಗೆ ಏನೇನೋ ಆಗಿದ್ದು ನಿಜ, ಆದ್ರೆ ಮತ್ತೆ ಮತ್ತೆ ಕೊಟ್ಟು ನೋಡಿದ್ರೆ ಅದೇ ಥರ ಆಗ್ಲಿಲ್ಲ. ಇನ್ನು ಅದರಲ್ಲಿರೋ ಗ್ಲುಟಮೇಟ್, 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಅವರು ಕೊಂಬು ಅನ್ನೋ ಸಮುದ್ರದ ಪಾಚಿ ಸೂಪಿನ ರುಚಿಗೆ ಕಾರಣ ಅಂತ ಕಂಡುಹಿಡಿದಿದ್ದು, ಟೊಮೆಟೊದಲ್ಲೂ ಇದೆ, ತಾಯಿ ಹಾಲಲ್ಲೂ ಇದೆ.

ಹೆದರಿಸಲೇಬೇಕು ಅಂದ್ರೆ ಉಪ್ಪಿನ ಬಗ್ಗೆ ಬರೀರಿ, ನಾನೂ ಒಪ್ಕೋತೀನಿ. ದಿನಕ್ಕೆ 5 ಗ್ರಾಂ ಒಳಗಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ರಾಮೆನ್ ಬೌಲನ್ನ ಕೊನೇ ಹನಿವರೆಗೂ ಕುಡಿದ್ರೆ ಒಂದೇ ಊಟಕ್ಕೆ ಅದರ ಹತ್ತಿರ ಹೋಗ್ಬಹುದು. ನಂಗೆ ಬಿಪಿ ಇದೆ, ಅದಕ್ಕೇ ಸೂಪ್ ಅರ್ಧ ಬಿಡ್ತೀನಿ, ಬಿಡುವಾಗ ಹೊಟ್ಟೆ ಉರಿಯುತ್ತೆ ಅನ್ನೋದು ಬೇರೆ. ಆದ್ರೆ ಈ ಉಪ್ಪಿನ ಮಾತು ದುಬಾರಿ ರೆಸ್ಟೋರೆಂಟಿಗೂ ಅನ್ವಯಿಸುತ್ತಲ್ವಾ, ಅಲ್ಲಿ ಯಾಕೆ ಯಾರೂ ಹುಷಾರು ಅನ್ನಲ್ಲ?

2016ರಲ್ಲಿ ಸಿಂಗಾಪುರದ ಹಿಲ್ ಸ್ಟ್ರೀಟ್ ತೈ ಹ್ವಾ ಪೋರ್ಕ್ ನೂಡಲ್ ಅನ್ನೋ ಸ್ಟಾಲಿಗೆ ಒಳ್ಳೇ ಹೋಟೆಲ್‌ಗಳಿಗೆ ರೇಟಿಂಗ್ ಕೊಡೋ ಮಿಶೆಲಿನ್ ಗೈಡ್‌ನವರು ಸ್ಟಾರ್ ಕೊಟ್ರು. ಟ್ರೇ ಹಿಡ್ಕೊಂಡು ಕ್ಯೂ ನಿಲ್ಲೋ ಜಾಗ ಅದು. ನೀವು ಸ್ಟಾರ್ ಕೊಡ್ಬೇಡಿ, ನಿಮ್ಮ ವರದಿಗಾರರನ್ನ ಒಂದು ಸಲ ಚಿಕ್ಕ ನೂಡಲ್ಸ್ ಅಂಗಡಿಗೆ ಕಳಿಸಿ, ಪಾತ್ರೆ ಮುಚ್ಚಳ ತೆಗೆಸಿ ನೋಡಿ ಬರೀಲಿ. ಮಧ್ಯಾಹ್ನ 1 ಗಂಟೆಗೆ ಮಾತ್ರ ಕಳಿಸ್ಬೇಡಿ, ಕೂರೋಕೆ ಜಾಗ ಸಿಗಲ್ಲ.

ಇಂತಿ,
ನಿಮ್ಮ ಒಬ್ಬ ಹಳೇ ಓದುಗ