ಹಸೆಮಣೆ ಮೇಲಿನ ಹುಡುಗಿ ಏನಂದಳು?

ಕಲ್ಯಾಣದ ಕತೆಯನ್ನು ವೇದಿಕೆ ಮೇಲೆ ನೋಡದ ಕನ್ನಡಿಗರು ಕಡಿಮೆ. ಬಸವಣ್ಣನವರು ವಚನ ಹೇಳುತ್ತಾರೆ, ಬಿಜ್ಜಳ ಗುಡುಗುತ್ತಾನೆ. ಬ್ರಾಹ್ಮಣ ಮಂತ್ರಿ ಮಧುವರಸ ತನ್ನ ಮಗಳನ್ನು ಸಮಗಾರ ಹರಳಯ್ಯನ ಮಗ ಶೀಲವಂತನಿಗೆ ಕೊಟ್ಟು ಮದುವೆ ಮಾಡುತ್ತಾನೆ. ಬೀಗರಿಬ್ಬರಿಗೂ ಎಳೆಹೂಟೆ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸಿ ಕೊಲ್ಲುವ ಶಿಕ್ಷೆಯಾಗುತ್ತದೆ. ಆಮೇಲೆ ಬಿಜ್ಜಳನ ಕೊಲೆ, ಶರಣರು ದಿಕ್ಕಾಪಾಲು, ತೆರೆ.

ಆ ಮದುಮಗಳು? ಸುಮ್ನೆ ತಲೆ ತಗ್ಗಿಸಿ ಕೂತಿರುತ್ತಾಳೆ. ಅವಳ ಹೆಸರೂ ಗಟ್ಟಿಯಿಲ್ಲ. ಕೆಲವರು ಲಾವಣ್ಯವತಿ ಅಂದರೆ ಕೆಲವರು ಕಲಾವತಿ ಅನ್ನುತ್ತಾರೆ.

ಅದೂ ಎಂಥ ಕಾಲ ನೋಡಿ. 12ನೇ ಶತಮಾನದಲ್ಲಿ 30ಕ್ಕೂ ಹೆಚ್ಚು ಹೆಂಗಸರು ವಚನ ಹೇಳಿದ್ದಾರೆ. ನೂಲುವ ಕದಿರೆ ರೆಮ್ಮವ್ವೆ, ಭತ್ತ ಕುಟ್ಟುವ ಕೊಟ್ಟಣದ ಸೋಮವ್ವೆ, ಸೂಳೆ ಸಂಕವ್ವೆ. ಆಯ್ದಕ್ಕಿ ಲಕ್ಕಮ್ಮನಂತೂ, ಗಂಡ ಮಾರಯ್ಯ ಒಂದು ದಿನ ಅಕ್ಕಿ ಜಾಸ್ತಿ ಆಯ್ದು ತಂದದ್ದಕ್ಕೆ, ಇಷ್ಟೊಂದು ನಮಗ್ಯಾಕೆ, ಅಲ್ಲೇ ಸುರಿದು ಬನ್ನಿ ಅಂತ ಮುಖಕ್ಕೇ ಹೇಳಿದವಳು. ಇಷ್ಟು ಜನರ ನಡುವೆ ಈ ಹುಡುಗಿಯದು ಅಂತ ಒಂದು ವಚನವೂ ಇಲ್ಲ.

ನಾಟಕ ಬರೆಯುವವರಿಗೆ ಇಂಥ ಖಾಲಿ ಜಾಗ ಕಂಡರೆ ಕೈ ತುರಿಸುತ್ತದೆ. ಅವಳನ್ನು ಎದ್ದು ನಿಲ್ಲಿಸಿ, ಜಾತಿ ಬಗ್ಗೆ ಐದು ನಿಮಿಷ ಭಾಷಣ ಮಾಡಿಸುತ್ತಾರೆ. ಚಪ್ಪಾಳೆಯೂ ಬೀಳುತ್ತದೆ. ಆದರೆ ಬಸವಣ್ಣನವರು ಆಗಲೇ ಹೇಳಿದ್ದನ್ನು ಅವಳ ಬಾಯಲ್ಲಿ ಮತ್ತೆ ಹೇಳಿಸಿದರೆ ಅವಳಿಗೇನು ಸಿಕ್ಕ ಹಾಗಾಯ್ತು?

ನನ್ನನ್ನು ಕೇಳಿದರೆ ನಾಟಕ ಶುರುವಾಗಬೇಕಾದ್ದು ಮದುವೆಯ ಮಾರನೇ ದಿನ, ಹರಳಯ್ಯನ ಮನೆಯಲ್ಲಿ. ನೆನೆಹಾಕಿದ ತೊಗಲಿನ ವಾಸನೆ. ಹುಡುಗಿಯ ಕೈ ತಾನಾಗೇ ಸೆರಗನ್ನು ಮೂಗಿಗೆ ಒಯ್ಯುತ್ತದೆ. ಅತ್ತೆ ನೋಡಿದರು ಅಂತ ಸರಕ್ಕನೆ ಇಳಿಸುತ್ತಾಳೆ. ಅತ್ತೆ ಅಂದರೆ ಕಲ್ಯಾಣಮ್ಮ. ಗಂಡನ ಜೊತೆ ತನ್ನ ತೊಡೆಯ ಚರ್ಮವನ್ನೂ ಕೊಟ್ಟು ಬಸವಣ್ಣನವರ ಕಾಲಿಗೆ ಚಮ್ಮಾವುಗೆ ಮಾಡಿದಳು ಅಂತ ಕತೆಗಳು ಹೇಳುವ ಹೆಂಗಸು. ಅಂಥವಳ ಮುಂದೆ ಇವಳು "ವಾಕರಿಕೆ ಬರ್ತಿದೆ ಅತ್ತೆ" ಅನ್ನಲಿ. "ಅಪ್ಪ ನನ್ನನ್ನೊಂದು ಮಾತು ಕೇಳಲಿಲ್ಲ" ಅನ್ನಲಿ. ಸ್ವಲ್ಪ ಹೊತ್ತು ಬಿಟ್ಟು, "ಕೇಳಿದ್ದರೂ ಹೂಂ ಅಂತಿದ್ದೆ" ಅಂತಲೂ ಅನ್ನಲಿ. ಲಕ್ಕಮ್ಮನ ಧಾಟಿ ಅದು, ಅಡುಗೆಮನೆಯ ಕನ್ನಡ. ಶರಣರ ಸೊಸೆ ಮೂಗು ಮುಚ್ಚಿಕೊಳ್ಳೋದಾ ಅಂತ ಕೆಲವರು ಮುನಿಸಿಕೊಳ್ಳಬಹುದು. ಮುನಿಸಿಕೊಳ್ಳಲಿ. ಮೂಗು ಮುಚ್ಚಿಕೊಂಡವಳೇ ನಾಲ್ಕನೇ ದಿನ ಅತ್ತೆಯ ಪಕ್ಕ ಕೂತು ತೊಗಲು ಕೊಯ್ಯುವ ರಂಪಿಗೆ ಹಿಡಿದರೆ ಅದರ ತೂಕವೇ ಬೇರೆ.

ಎಳೆಹೂಟೆಯನ್ನು ತೋರಿಸಬೇಡಿ. ಸುದ್ದಿ ಬಾಗಿಲಿಗೆ ಬಂದರೆ ಸಾಕು. (ಆನೆಯ ಖರ್ಚೂ ಉಳಿಯುತ್ತದೆ.) ಅಪ್ಪ, ಮಾವ ಇಬ್ಬರೂ ಹೋದರು, ಕೆಲವು ಕತೆಗಳಲ್ಲಿ ಗಂಡನೂ. ಚೆನ್ನಬಸವಣ್ಣ, ಅಕ್ಕನಾಗಮ್ಮ ಉಳವಿಯ ದಾರಿ ಹಿಡಿದರು. ಇವಳು ಅವರ ಹಿಂದೆ ಹೊರಟಳೋ, ತೊಗಲು ನೆನೆಹಾಕಿದ ಆ ಮನೆಯಲ್ಲೇ ಅತ್ತೆ ಜೊತೆ ಉಳಿದಳೋ, ಅದನ್ನು ಬರೆಯುವವರೇ ತೀರ್ಮಾನ ಮಾಡಬೇಕು.

ಬಸವ ಜಯಂತಿಗೆ ಅರ್ಧ ಗಂಟೆಯ ನಾಟಕ ಬರೆಯುವ ಹುಮ್ಮಸ್ಸು ಇರುವವರು ಸಂಘಕ್ಕೆ ತಿಳಿಸಿ. ಮದುಮಗಳ ಪಾತ್ರಕ್ಕೆ ಈಗಲೇ ಪೈಪೋಟಿ ಇದೆ. ಅತ್ತೆ ಆಗೋಕೆ ಮಾತ್ರ ಇನ್ನೂ ಯಾರೂ ಒಪ್ಪಿಲ್ಲ.